ನಿಂತೇ ಇದ್ದ ದೊಡ್ಡಪ್ಪ

ನನ್ನ ಕೆಲಸ ಬಿದ್ದವರನ್ನು ಎಬ್ಬಿಸಿ ನಿಲ್ಲಿಸುವುದು. ಹುಬ್ಬಳ್ಳಿ ಹತ್ತಿರದ ಸತ್ತೂರಿನ ಆಸ್ಪತ್ರೆಯೊಂದರ ಫಿಜಿಯೊಥೆರಪಿ ವಿಭಾಗದಲ್ಲಿ ಹದಿನಾಲ್ಕು ವರ್ಷಗಳಿಂದ ಇದ್ದೇನೆ. ಸೊಂಟ ಮುರಿದವರು, ಲಕ್ವಾ ಹೊಡೆದವರು, ಬೈಕಿನಿಂದ ಬಿದ್ದವರು ಬರುತ್ತಾರೆ. ಮೊದಲು ಮಂಚದ ಅಂಚಿಗೆ ಕೂಡಿಸುತ್ತೇನೆ, ಆಮೇಲೆ ನಿಲ್ಲಿಸುತ್ತೇನೆ, ಆಮೇಲೆ ನಡೆಸುತ್ತೇನೆ. ನಿಂತವರನ್ನು ಕೂಡಿಸುವುದು ಹೇಗೆಂದು ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ. ಅದನ್ನು ನಾನು ಕಲಿತದ್ದು ನಮ್ಮ ದೊಡ್ಡಪ್ಪನಿಂದ.

ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಒಂದೇ ಕಂಪೌಂಡಿನೊಳಗೆ ನಮ್ಮವು ಎರಡು ಮನೆಗಳು. ಮುಂದಿನದರಲ್ಲಿ ದೊಡ್ಡಪ್ಪ, ದೊಡ್ಡವ್ವ; ಹಿಂದಿನದರಲ್ಲಿ ಅಪ್ಪ, ಅವ್ವ, ಮಗಳು ನಾನು. ದೊಡ್ಡಪ್ಪ ಮೂವತ್ತು ವರ್ಷ ಹತ್ತಿ ವ್ಯಾಪಾರ ಮಾಡಿದವರು. ಎಪಿಎಂಸಿಯ ಅಂಗಡಿಯಲ್ಲಿ ಬಿಳಿ ಗಾದಿಯ ಮೇಲೆ ಲೋಡು ದಿಂಬಿಗೆ ಒರಗಿ ಕೂತು, ರೈತರು ತಂದ ಹತ್ತಿಯಲ್ಲಿ ಒಂದು ಹಿಡಿ ತೆಗೆದುಕೊಂಡು, ಹೆಬ್ಬೆರಳುಗಳ ನಡುವೆ ಎಳೆ ಜಗ್ಗಿ ನೋಡಿ, ಇದು ಯಾವ ಕಡೆಯ ಮಣ್ಣಿನದೆಂದು ಹೇಳುತ್ತಿದ್ದರು. ಮಾತು ಕಡಿಮೆ. ಬೆಳಿಗ್ಗೆ ಇಷ್ಟಲಿಂಗ ಪೂಜೆಯಾಗದೆ ನೀರು ಮುಟ್ಟುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಿನದೇನೋ ಅವರೊಳಗೆ ನಡೆಯುತ್ತಿದೆ ಎಂದು ನಮಗೆ ಯಾರಿಗೂ ಅನಿಸಿರಲಿಲ್ಲ.

ಅವರ ಒಬ್ಬಳೇ ಮಗಳು ಮದುವೆಯಾಗಿ ವಿಜಯಪುರಕ್ಕೆ ಹೋದಳು. ಮರುವರ್ಷ ದೊಡ್ಡಪ್ಪ ಅಂಗಡಿಯನ್ನು ಪಾಲುದಾರರಿಗೆ ಬಿಟ್ಟು, ಮಾರುಕಟ್ಟೆಯ ಗೆಳೆಯರ ಜತೆ ನಾಸಿಕಕ್ಕೆ ಹೋದರು. ಆಗ ಅವರಿಗೆ ಐವತ್ತೆಂಟು. ಎಂಟು ದಿನ ಬಿಟ್ಟು ಮರಳಿ ಬಂದಾಗ ನಾನು ಅವರ ಪಡಸಾಲೆಯಲ್ಲೇ ಇದ್ದೆ. ದೊಡ್ಡವ್ವ ತಂಬಿಗೆಯಲ್ಲಿ ನೀರು ಕೊಟ್ಟು ಕುರ್ಚಿ ಸರಿಸಿದಳು.

“ಕುಂದರ್ರಿ, ಚಹಾ ಇಡ್ತೇನಿ.”

“ಬ್ಯಾಡ,” ಎಂದರು ದೊಡ್ಡಪ್ಪ. “ಇನ್ನ ಮ್ಯಾಲ ನಾ ಕುಂದ್ರೂದಿಲ್ಲ.”

“ಯಾಕ, ರೈಲಿನ್ಯಾಗ ಕುಂತು ಕುಂತು ಗುಳ್ಳಿ ಎದ್ದಾವೇನ್ರಿ?”

ಅವರು ನಗಲಿಲ್ಲ. ಹನ್ನೆರಡು ವರ್ಷ ಕೂಡುವುದಿಲ್ಲ, ಮಲಗುವುದಿಲ್ಲ ಎಂದು ಗೋದಾವರಿಯಲ್ಲಿ ನಿಂತು ಸಂಕಲ್ಪ ಮಾಡಿದ್ದೇನೆ ಎಂದರು. ಬರುವಾಗಲೂ ರೈಲಿನಲ್ಲಿ ಬಾಗಿಲ ಹತ್ತಿರ ನಿಂತೇ ಬಂದಿದ್ದರು. ಅಲ್ಲಿ ನದಿಯ ದಂಡೆಯಲ್ಲಿ ಒಬ್ಬ ಸಾಧುವನ್ನು ನೋಡಿದ್ದರಂತೆ. ಆತ ವರ್ಷಗಟ್ಟಲೆ ನಿಂತೇ ಇದ್ದವನು.

“ಅವನ ಮುಖ ನೋಡಿದೆ ತಂಗಿ,” ಎಂದು ಆಮೇಲೊಮ್ಮೆ ನನಗೆ ಹೇಳಿದರು. “ಮೂವತ್ತು ವರ್ಷ ಮಾರ್ಕೆಟ್ಟಿನ್ಯಾಗ ಮುಖಾನ ನೋಡೇನಿ. ಎಲ್ಲಾರ ಮುಖದಾಗೂ ಏನರ ಒಂದು ಬೇಕಾಗಿರ್ತೈತಿ. ಅವಂಗ ಏನೂ ಬೇಕಾಗಿರ್ಲಿಲ್ಲ. ನಂಗೂ ಹಂಗ ಆಗಬೇಕು ಅನಿಸ್ತು.”

“ಏನೂ ಬ್ಯಾಡ ಅನ್ನೂದು ನಿಂತ್ರ ಬರ್ತೈತೇನು?”

“ಕುಂತು ನೋಡೇನಲ್ಲ, ಬಂದಿಲ್ಲ,” ಎಂದರು.

ಮೊದಲ ವಾರ ಎಲ್ಲರೂ ಇದು ನಾಲ್ಕು ದಿನದ ಹುಚ್ಚು ಎಂದುಕೊಂಡೆವು. ಒಂದು ತಿಂಗಳಾದ ಮೇಲೆ ಮನೆ ಅದಕ್ಕೆ ಹೊಂದಿಕೊಳ್ಳತೊಡಗಿತು. ಪಡಸಾಲೆಯಲ್ಲಿ ಜೋಕಾಲಿ ಇತ್ತು. ಅದರ ಮಣೆಯನ್ನು ಎದೆಯ ಎತ್ತರಕ್ಕೆ ಏರಿಸಿ, ಮೇಲೆ ಹತ್ತಿ ತುಂಬಿದ ದಿಂಬು ಕಟ್ಟಿಸಿದರು. ಮಣೆಯ ಮೇಲೆ ಮೊಣಕೈ ಊರಿ, ತೋಳಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದರು. ಊಟಕ್ಕೆ ಒಂದು ಎತ್ತರದ ಕಟ್ಟಿಗೆಯ ಸ್ಟ್ಯಾಂಡು ಬಂತು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನಿಂತೇ ಪೂಜೆ. ಕ್ಷೌರದವನು ಬಂದಾಗ ಆತ ಸ್ಟೂಲಿನ ಮೇಲೆ ಹತ್ತಬೇಕಾಗುತ್ತಿತ್ತು. ಎಲ್ಲರೂ ಮೊದಲು ಕೇಳುವುದು ಪಾಯಖಾನೆಯ ವಿಷಯ. ಗೌಂಡಿಯನ್ನು ಕರೆಸಿ ಅದಕ್ಕೂ ಎತ್ತರದ ಕಟ್ಟೆ ಕಟ್ಟಿಸಿದ್ದಾಯಿತು. ಅಷ್ಟು ಹೇಳಿದರೆ ಸಾಕು.

ನಮ್ಮ ಮನೆತನ ನಡೆದುಕೊಳ್ಳುವ ಮಠದ ಸ್ವಾಮಿಗಳು, ಅಜ್ಜಾರು, ಸುದ್ದಿ ಕೇಳಿ ಒಂದು ದಿನ ತಾವೇ ಬಂದರು. ಅವರ ಪಾದಕ್ಕೆ ಬಾಗಲು ದೊಡ್ಡಪ್ಪನಿಗೆ ಆಗ ಇನ್ನೂ ಆಗುತ್ತಿತ್ತು. ಅಜ್ಜಾರು ಜೋಕಾಲಿಯ ಮಣೆ ನೋಡಿದರು, ದಿಂಬು ಮುಟ್ಟಿ ನೋಡಿದರು.

“ಇದು ನಮ್ಮೊಳಗ ಇಲ್ಲಪಾ,” ಎಂದರು. “ದುಡದು ಉಣ್ಣು, ಲಿಂಗ ಪೂಜಿ ಮಾಡು, ನಾಕು ಮಂದಿಗೆ ನೀಡು. ಇಷ್ಟ ಐತಿ ನಮ್ಮೊಳಗ. ಹೀಂಗ ಮೈ ದಂಡಿಸು ಅಂತ ನಿಂಗ ಯಾರು ಹೇಳಿದ್ರು?”

“ಯಾರೂ ಹೇಳಿಲ್ರಿ ಅಜ್ಜಾರ.”

“ಮತ್ತ ಬಿಡು.”

“ಬಿಡಾಕ ಆಗೂದಿಲ್ರಿ.”

ಅಜ್ಜಾರು ಹಾಲು ಕುಡಿದು ಹೊರಟರು. ಬಾಗಿಲಲ್ಲಿ ದೊಡ್ಡವ್ವನಿಗೆ, “ಹುಷಾರಿಂದ ನೋಡ್ಕೊ ಯವ್ವಾ” ಎಂದರು. ಇಷ್ಟನ್ನು ಅವಳಿಗೆ ಎಲ್ಲರೂ ಹೇಳುತ್ತಿದ್ದರು.

ಎರಡನೇ ವರ್ಷದಿಂದ ನನ್ನ ಪಾಲಿನ ಕೆಲಸ ಶುರುವಾಯಿತು. ಕಾಲು ಬಾತವು, ಪಾದದ ಗಂಟಿನ ಸುತ್ತ ಚರ್ಮ ಕಪ್ಪಾಯಿತು, ನರಗಳು ಹಗ್ಗದಂತೆ ಎದ್ದು ನಿಂತವು, ಎಡಗಾಲಿನ ಒಳಬದಿಗೆ ಹುಣ್ಣಾಯಿತು. ದಿನಾ ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಮೊದಲು ನಾನು ಅವರ ಮುಂದೆ ನೆಲದ ಮೇಲೆ ಕೂತು ಹುಣ್ಣು ತೊಳೆದು, ಪಾದದಿಂದ ಮೊಣಕಾಲಿನವರೆಗೆ ಪಟ್ಟಿ ಸುತ್ತುತ್ತಿದ್ದೆ. ಕಾಲು ಮೇಲಕ್ಕೆತ್ತಿ ಮಲಗಿದರೆ ಮೂರು ವಾರದಲ್ಲಿ ಮಾಯುವ ಹುಣ್ಣು ಅದು. ಐದು ವರ್ಷ ಮಾಯಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಆಸ್ಪತ್ರೆಯಲ್ಲಿ ಒಂದು ಹೆಜ್ಜೆಗಾಗಿ ಅಳುವವರನ್ನು ನೋಡಿ ಬಂದು, ಇಲ್ಲಿ ಚಲೋ ಇದ್ದ ಕಾಲನ್ನು ಬೇಕೆಂದೇ ಹಾಳು ಮಾಡಿಕೊಳ್ಳುವುದನ್ನು ನೋಡಬೇಕಿತ್ತು. ಆದರೆ ದಿನಾ ಒಂದೇ ಕೆಲಸ ಮಾಡುತ್ತ ಹೋದರೆ ಸಿಟ್ಟು ಬಹಳ ದಿನ ಉಳಿಯುವುದಿಲ್ಲ. ಕೊನೆಗೆ ಅದು ಬರೀ ಒಂದು ಕಾಲು, ಒಂದು ಪಟ್ಟಿ ಆಯಿತು.

ಒಂದು ದಿನ ಪಟ್ಟಿ ಸುತ್ತುತ್ತ ಕೇಳಿದೆ, “ಖರೇ ಹೇಳ್ರಿ ದೊಡ್ಡಪ್ಪಾ, ಏನರ ತಿಳೀತೈತೇನು?”

ಅವರು ಪ್ರಾಮಾಣಿಕ ಮನುಷ್ಯ. ಯೋಚಿಸಿ ಹೇಳಿದರು:

“ಮೊದಲನೇ ವರ್ಷ ಬರೇ ಕಾಲು. ಶಿವಾ ಅಂದ್ರೂ ಕಾಲು, ಉಣ್ಣಾಕತ್ರೂ ಕಾಲು. ದೇವರನ್ನ ನೆನಸೂದು ಬಿಟ್ಟು ಕಾಲು ನೆನಸಾಕತ್ತೇನಲ್ಲಾ ಅಂತ ನಾಚಿಕಿ ಆಗತಿತ್ತು. ಎರಡನೇ ವರ್ಷ ಒಂದು ದಿನ ನೋಡ್ತೇನಿ, ಕಾಲು ಇದ್ದದ್ದ ಮರ್ತೈತಿ. ಆಹಾ ಅನಿಸ್ತು. ಅಷ್ಟರಾಗ ಮಂದಿ ಬರಾಕತ್ರು.”

ಮಂದಿ ಬರತೊಡಗಿದ್ದು ನಿಜ. ಮೊದಲು ಓಣಿಯವರು, ಆಮೇಲೆ ಮಾರುಕಟ್ಟೆಯವರು, ಆಮೇಲೆ ಯಾರೆಂದು ಗೊತ್ತಿಲ್ಲದವರು. ತೆಂಗಿನಕಾಯಿ, ಊದಿನಕಡ್ಡಿ ತಂದು ಅವರ ಬಾತ ಪಾದಕ್ಕೆ ಹಣೆ ಹಚ್ಚುತ್ತಿದ್ದರು. ದೊಡ್ಡಪ್ಪ ಬೇಡ ಬೇಡ ಎಂದು ಹಿಂದೆ ಸರಿಯುತ್ತಿದ್ದರು. ಸರಿಯುವುದನ್ನೂ ಬಂದವರು ದೊಡ್ಡತನವೆಂದೇ ತಿಳಿಯುತ್ತಿದ್ದರು. ದೊಡ್ಡಪ್ಪ ಯಾರಿಗೂ ವಿಭೂತಿ ಕೊಡಲಿಲ್ಲ, ಭವಿಷ್ಯ ಹೇಳಲಿಲ್ಲ. ಹಾಗಾಗಿ ಬಹಳ ಜನ ಒಂದೆರಡು ಸಲ ಬಂದು ಬಿಟ್ಟುಬಿಟ್ಟರು. ಹತ್ತಿರದ ಸುಳ್ಳ ಎಂಬ ಊರಿನ ರೈತನೊಬ್ಬ ಮಾತ್ರ ಬಿಡಲಿಲ್ಲ. ಐವತ್ತರ ಆಸುಪಾಸಿನ, ಉದ್ದನೆಯ ಮನುಷ್ಯ. ಹಿಂದೆ ದೊಡ್ಡಪ್ಪನ ಅಂಗಡಿಗೆ ಹತ್ತಿ ತರುತ್ತಿದ್ದವನು. ಪ್ರತಿ ಸೋಮವಾರ ಮೊದಲ ಬಸ್ಸಿಗೆ ಬಂದು, ಮೂಲೆಯಲ್ಲಿ ಅರ್ಧ ತಾಸು ತಾನೂ ನಿಂತು, ಏನೂ ಕೇಳದೆ ಹೋಗುತ್ತಿದ್ದ. ಹೊಲದ ಹಕ್ಕರಕಿ ಸೊಪ್ಪೋ ಹಸಿ ಕಡಲೆಯೋ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಡುತ್ತಿದ್ದ.

ದೊಡ್ಡವ್ವನ ಬಗ್ಗೆ ಹೇಳಬೇಕು. ದೊಡ್ಡಪ್ಪ ನಿಂತ ದಿನದಿಂದ ಅವಳು ಒಳಕೋಣೆಯ ಮಂಚ ಬಿಟ್ಟು ಪಡಸಾಲೆಯಲ್ಲಿ ಅವರ ಕಾಲ ಬಳಿ ಚಾಪೆ ಹಾಸಿಕೊಂಡಳು. ನಿದ್ದೆಯಲ್ಲಿ ಅವರು ಜಾರಿದರೆ ಮೊದಲು ಎಚ್ಚರವಾಗಬೇಕಾದವಳು ಅವಳೇ. ತವರಿಗೆ ಹೋಗುವುದು ನಿಂತಿತು, ಮದುವೆ ಮುಂಜಿಗೆ ಹೋಗುವುದು ನಿಂತಿತು. ಮಗಳ ಬಾಣಂತನಕ್ಕೂ ನಮ್ಮವ್ವನೇ ಹೋದಳು. ಬಂದವರೆಲ್ಲ ದೊಡ್ಡಪ್ಪನಿಗೆ ಕೈಮುಗಿದು ದೊಡ್ಡವ್ವ ಕೊಟ್ಟ ಚಹಾ ಕುಡಿದು ಹೋಗುತ್ತಿದ್ದರು. ಒಮ್ಮೆ ಯಾರೋ ಹೆಂಗಸು, “ಪುಣ್ಯಾ ಮಾಡೀರಿ ಅಕ್ಕಾರ, ಇಂಥಾ ಗಂಡನ ಪಡಿಯಾಕ” ಎಂದಳು. ದೊಡ್ಡವ್ವ ಲೋಟ ತೆಗೆದುಕೊಳ್ಳುತ್ತ ಹೇಳಿದಳು, “ಅವರು ನಿಂತಾರ ಅಂತ ಎಲ್ಲಾರೂ ನೋಡ್ತೀರಿ. ನಾ ಎಲ್ಲಿ ಕುಂತೇನಿ ಹೇಳ್ರಿ?”

ಆರು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ದೊಡ್ಡಪ್ಪನ ಮೊಣಕಾಲು ಮಡಚುವುದು ಬಹಳ ಕಡಿಮೆಯಾಗಿತ್ತು. ನಡೆದರೆ ಎರಡು ಕೋಲುಗಳು ನಡೆದಂತೆ ಕಾಣುತ್ತಿತ್ತು. ಮೆಟ್ಟಿಲನ್ನು ಅಡ್ಡಡ್ಡ ತಿರುಗಿ ಇಳಿಯುತ್ತಿದ್ದರು.

ಏಳನೇ ವರ್ಷದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ದೊಡ್ಡವ್ವ ಹಿತ್ತಲಲ್ಲಿ ಒಣಗಿದ ಸೀರೆ ತೆಗೆಯಲು ಹೋಗಿ, ಒಗೆಯುವ ಕಲ್ಲಿನ ಹತ್ತಿರ ಪಾಚಿಯ ಮೇಲೆ ಜಾರಿ ಬಿದ್ದಳು. ಅಪ್ಪ, ಅವ್ವ ಗದಗಿನ ಒಂದು ಮದುವೆಗೆ ಹೋಗಿದ್ದರು. ನಾನು ಕೆಲಸದಲ್ಲಿದ್ದೆ. ಅವಳ ಕೂಗು ಕೇಳಿ ದೊಡ್ಡಪ್ಪ ಹಿತ್ತಲಿಗೆ ಹೋದರು. ಅವಳನ್ನು ಎತ್ತಲು ಬಾಗಬೇಕು, ಬಾಗಲು ಬರಲಿಲ್ಲ. ಗೇಟಿಗೆ ಹೋಗಿ ಪಕ್ಕದ ಮನೆಯವರನ್ನು ಕರೆದರು. ಪಕ್ಕದ ಮನೆಯ ಸೊಸೆ ಓಡಿ ಬಂದು ನನಗೆ ಫೋನ್ ಮಾಡಿದಳು. ಕಾಲು ಹೊರಕ್ಕೆ ತಿರುಗಿದೆ ಎಂದಳು. ಅಷ್ಟು ಕೇಳಿದ ಕೂಡಲೇ ಸೊಂಟ ಮುರಿದಿದೆಯೆಂದು ನನಗೆ ಗೊತ್ತಾಯಿತು. “ಅಲ್ಲಾಡಿಸಬ್ಯಾಡ್ರಿ, ಆಂಬುಲೆನ್ಸ್ ಕಳಸ್ತೇನಿ, ಇಲ್ಲಿಗೇ ಕರ್ಕೊಂಡು ಬರ್ರಿ” ಎಂದೆ.

ಆಮೇಲೆ ನಡೆದದ್ದನ್ನು ಆ ಸೊಸೆಯೇ ನನಗೆ ಹೇಳಿದ್ದು. ಆಂಬುಲೆನ್ಸ್ ಬಂತು, ದೊಡ್ಡವ್ವನನ್ನು ಸ್ಟ್ರೆಚರ್ ಮೇಲೆ ಒಳಗೆ ಹಾಕಿದರು. ಜತೆಗೆ ಮನೆಯವರು ಒಬ್ಬರು ಬೇಕು ಎಂದ ಡ್ರೈವರ್. ಸೊಸೆಗೆ ತೊಟ್ಟಿಲಲ್ಲಿ ಕೂಸು, ಬಿಟ್ಟು ಬರುವಂತಿಲ್ಲ. ದೊಡ್ಡಪ್ಪ ಗಾಡಿಯ ಹಿಂದಿನ ಬಾಗಿಲಲ್ಲಿ ನಿಂತಿದ್ದರು. ಗಾಡಿಯ ಛಾವಣಿ ಅವರ ಭುಜಕ್ಕೆ ಬರುತ್ತಿತ್ತು. ಒಳಗೆ ಹೋಗಬೇಕೆಂದರೆ ಕೂಡಬೇಕು, ಇಲ್ಲವೇ ಮಲಗಬೇಕು.

“ನೀವು ಬರಬ್ಯಾಡ್ರಿ,” ಎಂದು ದೊಡ್ಡವ್ವ ಒಳಗಿನಿಂದಲೇ ಹೇಳಿದಳಂತೆ. “ಇಷ್ಟು ವರ್ಷ ಮಾಡಿದ್ದು ಕೆಟ್ಟು ಹೋಗತೈತಿ. ಅಲ್ಲಿ ನಮ್ಮ ಹುಡಿಗಿ ಅದಾಳ, ನಾ ಒಬ್ಬಾಕಿನ ಹೋಗ್ತೇನಿ.”

ದೊಡ್ಡಪ್ಪ ಡ್ರೈವರನಿಗೆ, “ನನ್ನ ಒಳಗ ಹಾಕಪಾ” ಎಂದರು. ಆತನಿಗೆ ಅರ್ಥವಾಗಲಿಲ್ಲ. ಹತ್ತಿ ಕೂಡ್ರಿ ಎಂದ. “ಕಾಲು ಮಡಚೂದಿಲ್ಲ, ಎತ್ತಿ ಹಾಕು” ಎಂದರು. ಡ್ರೈವರ್, ಅವನ ಜತೆಗಾರ ಇಬ್ಬರೂ ಸೇರಿ ಅವರನ್ನು ಎತ್ತಿ, ಸ್ಟ್ರೆಚರಿನ ಪಕ್ಕದ ಸೀಟಿನ ಮೇಲೆ ಹಲಗೆ ಮಲಗಿಸಿದಂತೆ ಮಲಗಿಸಿದರು.

ಸತ್ತೂರಿನಲ್ಲಿ ಆಂಬುಲೆನ್ಸಿನ ಬಾಗಿಲು ತೆಗೆದಾಗ ನಾನು ಎದುರಿಗೇ ಇದ್ದೆ. ಇಬ್ಬರೂ ಪಕ್ಕಪಕ್ಕ ಅಂಗಾತ ಮಲಗಿದ್ದರು. ದೊಡ್ಡವ್ವನ ಮುಖ ನೋವಿನಿಂದ ಬಿಳಿಚಿತ್ತು. ದೊಡ್ಡಪ್ಪ ಕಣ್ಣು ತೆರೆದು ಗಾಡಿಯ ಛಾವಣಿ ನೋಡುತ್ತಿದ್ದರು. ವಾರ್ಡ್‌ಬಾಯ್ ಬಗ್ಗಿ ನೋಡಿ ಕೇಳಿದ, “ಇಬ್ಬರಾಗ ಪೇಶಂಟ್ ಯಾರ್ರಿ ಮೇಡಂ?”

ನಾನು ದೊಡ್ಡವ್ವನ ಕಡೆ ಕೈ ತೋರಿಸಿ, “ಅವರದು ಸೊಂಟ. ಮೊದಲು ಅವರನ್ನ ತಗೋ” ಎಂದೆ.

ಮರುದಿನ ದೊಡ್ಡವ್ವನಿಗೆ ಶಸ್ತ್ರಚಿಕಿತ್ಸೆಯಾಯಿತು, ಚೆನ್ನಾಗಿಯೇ ಆಯಿತು. ಬಂದ ದಿನದ ರಾತ್ರಿ ದೊಡ್ಡಪ್ಪನನ್ನು ನಮ್ಮ ವಿಭಾಗದ ವ್ಯಾಯಾಮದ ಟೇಬಲ್ಲಿನ ಮೇಲೆ ಮಲಗಿಸಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಹಾಗೇ ಇದ್ದರು. ಒಂಬತ್ತು ತಾಸು ನಿದ್ದೆ ಮಾಡಿದ್ದರು ಎಂದು ಕಾವಲುಗಾರ ಹೇಳಿದ. ಎದ್ದ ಮೇಲೆ ವ್ರತದ ಮಾತು ಆಡಲಿಲ್ಲ. ನಾನೂ ಎತ್ತಲಿಲ್ಲ. ವಾರ್ಡಿಗೆ ಕರೆದುಕೊಂಡು ಹೋದೆ. ದೊಡ್ಡವ್ವನ ಮಂಚದ ಬಳಿ ಕಬ್ಬಿಣದ ಸ್ಟೂಲಿತ್ತು. ಅವರು ನಿಂತದ್ದು ನೋಡಿ ನರ್ಸ್, “ಎಷ್ಟೊತ್ತು ನಿಲ್ತೀರಿ ಅಜ್ಜಾ, ಕುಂದರ್ರಿ” ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ದೊಡ್ಡಪ್ಪ ಸ್ಟೂಲಿನ ಹತ್ತಿರ ಹೋಗಿ, ಮಂಚದ ಸರಳು ಹಿಡಿದು, ಕೂಡಲು ನೋಡಿದರು. ಆಗಲಿಲ್ಲ. ಇನ್ನೊಮ್ಮೆ ನೋಡಿದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಆ ಒಂದೇ ಸಲ ನೋಡಿದ್ದು. ವ್ರತ ಮುರಿದದ್ದಕ್ಕೆ ಬಂದ ನೀರೋ, ಕಾಲು ಮಡಚದ ನೋವಿಗೆ ಬಂದದ್ದೋ ತಿಳಿಯಲಿಲ್ಲ. ಕೇಳಲೂ ಇಲ್ಲ.

ಮುಂದಿನ ಐದು ತಿಂಗಳು ಬೆಳಿಗ್ಗೆ ಅವಳನ್ನು ನಿಲ್ಲಿಸುವ ಕೆಲಸ, ಸಂಜೆ ಇವರನ್ನು ಕೂಡಿಸುವ ಕೆಲಸ. ದೊಡ್ಡವ್ವ ವಾಕರ್ ಹಿಡಿದು ಪಡಸಾಲೆಯಲ್ಲಿ ಹೆಜ್ಜೆ ಹಾಕುವಾಗ ದೊಡ್ಡಪ್ಪ ಮಂಚದ ಮೇಲೆ ಬೋರಲು ಮಲಗಿರುತ್ತಿದ್ದರು, ನಾನು ಅವರ ಹಿಮ್ಮಡಿ ಹಿಡಿದು ಮೊಣಕಾಲನ್ನು ಇಷ್ಟಿಷ್ಟೇ ಮಡಚುತ್ತಿದ್ದೆ. ಅವಳು ಬೇಗ ಸುಧಾರಿಸಿದಳು. ಇವರ ಕಾಲು ಬಹಳ ಹಟ ಮಾಡಿತು. ನೆಲದ ಮೇಲೆ ಕೂಡುವುದು ಇನ್ನೆಂದೂ ಸಾಧ್ಯವಿಲ್ಲ ಎಂದು ಮೂರನೇ ತಿಂಗಳಿಗೆ ನನಗೆ ಖಾತ್ರಿಯಾಯಿತು. ಕುರ್ಚಿಯ ಕಾಲಿನ ಕೆಳಗೆ ಎರಡೆರಡು ಇಟ್ಟಂಗಿ ಇಟ್ಟರೆ ಕೂಡುತ್ತಿದ್ದರು. ಹುಣ್ಣು ಮಾತ್ರ ತಾನಾಗಿ ಮಾಯಿತು.

ಇಬ್ಬರೂ ಆಸ್ಪತ್ರೆಯಿಂದ ಮನೆಗೆ ಬಂದ ಎರಡನೇ ಸೋಮವಾರ ಸುಳ್ಳದ ರೈತ ಬಂದ. ಇಟ್ಟಂಗಿಯ ಮೇಲೇರಿಸಿದ ಕುರ್ಚಿಯಲ್ಲಿ ಕೂತ ದೊಡ್ಡಪ್ಪನನ್ನು ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟ. ದೊಡ್ಡವ್ವ ಬಿದ್ದದ್ದು, ಆಂಬುಲೆನ್ಸಿನದು, ಎಲ್ಲವನ್ನೂ ನಾನೇ ಹೇಳಿದೆ. ಕೇಳಿಸಿಕೊಂಡ. ಆಮೇಲೆ ದೊಡ್ಡಪ್ಪನಿಗೆ ಕೇಳಿದ:

“ಮತ್ತ ಮೊದಲಿಂದ ಶುರು ಮಾಡ್ತೀರೇನ್ರಿ ಸಾವ್ಕಾರ್ರ?”

“ಇಲ್ಲಪಾ.”

“ನಾ ನಿಮ್ಮ ಸಂಗಾಟ ಒಂದು ಹರಕಿ ಹೊತ್ತೇನ್ರಿ. ನೀವು ಹನ್ನೆರಡು ವರ್ಷ ಮುಗಿಸೂತನಾ ಕಾಲಾಗ ಚಪ್ಪಲಿ ಮೆಟ್ಟೂದಿಲ್ಲ ಅಂತ. ಎರಿ ಹೊಲದಾಗ ಬರಿಗಾಲಿಲೆ ನಡದೇನಿ. ಯಾರಿಗೂ ಹೇಳಿಲ್ಲ.”

ನಾನು ಅವನ ಪಾದ ನೋಡಿದೆ. ಪ್ರತಿ ಸೋಮವಾರ ಬಂದವನ ಪಾದವನ್ನು ಅಷ್ಟು ವರ್ಷದಲ್ಲಿ ನಾನು ನೋಡಿಯೇ ಇರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದಿರುತ್ತಾನೆ ಎಂದುಕೊಂಡಿದ್ದೆ. ಹಿಮ್ಮಡಿ ಒಣಗಿದ ಕೆರೆಯ ಹಾಗೆ ಸೀಳಿತ್ತು.

ದೊಡ್ಡಪ್ಪನಿಗೂ ಇದು ಗೊತ್ತಿರಲಿಲ್ಲ. ಅವರ ಮುಖ ಕೆಂಪಾಯಿತು. “ನಾ ನಿಂಗ ಹೇಳಿದ್ನೇನೋ ಹಂಗ ಮಾಡಂತ?”

“ಇಲ್ರಿ. ನಿಮಗಾರ ಯಾರು ಹೇಳಿದ್ರು?”

ದೊಡ್ಡಪ್ಪ ಅವನ ಹಿಮ್ಮಡಿ ನೋಡುತ್ತ, “ಚಪ್ಪಲಿ ಹಾಕ್ಕೋಪಾ, ನಂದು ಮುಗೀತು” ಎಂದರು.

“ನಿಮ್ಮದು ಮುಗದಿರಬಹುದ್ರಿ,” ಎಂದ ರೈತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸೊಪ್ಪಿನ ಗಂಟನ್ನು ಎಂದಿನಂತೆ ಕಟ್ಟೆಯ ಮೇಲಿಟ್ಟು, ದೊಡ್ಡವ್ವನಿಗೆ ಕೈಮುಗಿದು ಹೋದ. ಚಹಾ ಕುಡಿಯಲಿಲ್ಲ. ಮತ್ತೆ ಬರಲೂ ಇಲ್ಲ. ಅವನು ಬರಿಗಾಲಲ್ಲೇ ಇದ್ದಾನೋ ಇಲ್ಲವೋ ಗೊತ್ತಿಲ್ಲ. ದೊಡ್ಡಪ್ಪ ಒಂದೆರಡು ಸಲ ಅಪ್ಪನನ್ನು ಸುಳ್ಳಕ್ಕೆ ಹೋಗಿ ನೋಡಿ ಬಾ ಎಂದು ಕೇಳಿದರು. ಅಪ್ಪ ಹೋದಾಗ ಅವನು ಹೊಲಕ್ಕೆ ಹೋಗಿದ್ದಾನೆಂದು ಮನೆಯವರು ಹೇಳಿದರಂತೆ.

ವ್ರತ ಮುರಿದದ್ದಕ್ಕಿಂತ ಆ ಸೋಮವಾರವೇ ದೊಡ್ಡಪ್ಪನನ್ನು ಹೆಚ್ಚು ಕಾಡಿತು ಎಂದು ನನ್ನ ಅಂದಾಜು. ಅವರು ಏನನ್ನೂ ಬೇಡದ ಸ್ಥಿತಿ ಹುಡುಕುತ್ತ ನಿಂತಿದ್ದರು. ಅವರ ಪಕ್ಕದಲ್ಲೇ, ಅವರ ಮನೆಯ ಮೂಲೆಯಲ್ಲೇ, ನಿಜವಾಗಿ ಏನನ್ನೂ ಬೇಡದೆ ಒಬ್ಬ ಐದು ವರ್ಷ ಬಂದು ಹೋಗಿದ್ದ. ಆತ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಇದನ್ನು ಅವರು ನನಗೆ ಹೇಳಲಿಲ್ಲ. ಇದು ನನ್ನದೇ ಲೆಕ್ಕ, ತಪ್ಪಿರಬಹುದು.

ಮೊನ್ನೆ ಯುಗಾದಿಗೆ ವಿಜಯಪುರದಿಂದ ಮಗಳು, ಮೊಮ್ಮಗಳು ಬಂದಿದ್ದರು. ಊಟವಾದ ಮೇಲೆ ಎಲ್ಲರೂ ಪಡಸಾಲೆಯಲ್ಲಿದ್ದಾಗ ದೊಡ್ಡವ್ವ ಅಡಿಕೆ ಕತ್ತರಿಸುತ್ತ, ವ್ರತ ಮುರಿದ ಮೇಲೆ ಯಾರೂ ಕೇಳದಿದ್ದ ಪ್ರಶ್ನೆಯನ್ನು ಕೇಳಿಬಿಟ್ಟಳು.

“ಆರು ವರ್ಷ ನಿಂತ್ರಲ್ಲ, ಆ ಏನೂ ಬ್ಯಾಡ ಅನ್ನೂದು ಸಿಕ್ಕಿತೇನ್ರಿ?”

ಮಗಳು ಅಡ್ಡ ಬಾಯಿ ಹಾಕಲು ಹೋದಳು. ದೊಡ್ಡಪ್ಪ ಕೈಯೆತ್ತಿ ಅವಳನ್ನು ತಡೆದರು. ಹತ್ತಿಯ ಎಳೆ ಜಗ್ಗಿ ನೋಡುವಾಗ ಮಾಡುತ್ತಿದ್ದಂತೆ ಕಣ್ಣು ಕಿರಿದು ಮಾಡಿ ಯೋಚಿಸಿದರು.

“ಎರಡು ಸಲ ಸಿಕ್ಕಂಗ ಆಗಿತ್ತು,” ಎಂದರು. “ಎರಡೂ ಸಲ ನೀ ಚಹಾ ತಂದಿ.”

ಮೊಮ್ಮಗಳು ಜೋರಾಗಿ ನಕ್ಕಳು. ದೊಡ್ಡವ್ವ ನಗಲಿಲ್ಲ. “ಕರೀದಿದ್ರ ನಾ ಯಾಕ ತರ್ತಿದ್ದೆ? ನೀವ ಚಹಾ ಬೇಕಂತ ಕರದಿರ್ತೀರಿ,” ಎಂದಳು.

“ಕರದಿದ್ದೆ,” ಎಂದು ದೊಡ್ಡಪ್ಪ ಒಪ್ಪಿಕೊಂಡರು.

ಅವಳು ಅಡಿಕೆಯನ್ನು ತಟ್ಟೆಗೆ ಹಾಕಿ ಅವರ ಕಡೆ ಸರಿಸಿದಳು. ಅವರು ಎರಡು ಹೋಳು ಆರಿಸಿಕೊಂಡರು. ಆಮೇಲೆ ಮಾತು ಬೇಸಿಗೆ ರಜೆಗೆ ಮೊಮ್ಮಗಳನ್ನು ಇಲ್ಲೇ ಬಿಡಬೇಕೋ ಬೇಡವೋ ಎನ್ನುವ ಕಡೆಗೆ ಹೋಯಿತು.